ಮೂರು ತಿಂಗಳ ಬಾಕಿ ರಿಟರ್ನ್: ಮೊದಲು ಯಾರ ಚೀಲ ಬಿಚ್ಚಬೇಕು?

ಒಬ್ಬರೋ ಇಬ್ಬರೋ ನಡೆಸುವ ತೆರಿಗೆ ಸಲಹಾ ಕಚೇರಿಗಳಲ್ಲಿ ಆಡಿಟ್ ಸೀಸನ್ ಮುಗಿದ ಮೇಲೆ ಕೆಲಸಕ್ಕೆ ಕೈ ಹತ್ತದ ಒಂದು ಕಾಲ ಬರುತ್ತದೆ. ಪಾರ್ಟಿಗಳು, ಅಂದರೆ ಕಚೇರಿಯ ಗ್ರಾಹಕರು, ಜಿಎಸ್‌ಟಿ ರಿಟರ್ನ್‌ಗೆಂದು ಕಳಿಸುವ ಬಿಲ್ಲಿನ ಚೀಲಗಳು ಮಾತ್ರ ಬರುತ್ತಲೇ ಇರುತ್ತವೆ. ಪಾರ್ಟಿಗಳ ಫೋನ್ ಎತ್ತಲು ಮುಜುಗರ, ಎತ್ತದೆ ಬಿಟ್ಟಷ್ಟೂ ಅದು ಇನ್ನಷ್ಟು ಬೆಳೆಯುತ್ತದೆ. ಕೊನೆಗೊಂದು ಭಾನುವಾರ ರಾತ್ರಿಯಿಡೀ ಕೂತು ಮುಗಿಸುತ್ತೇನೆಂದು ಕೈಗೆ ಸಿಕ್ಕ ಚೀಲ ಬಿಚ್ಚುತ್ತಾರೆ. ಆಗ ಕೈಗೆ ಸಿಗುವುದು ಬಹುತೇಕ ಸುಲಭದ ಪಾರ್ಟಿ, ತಡವಾದರೂ ಹೆಚ್ಚು ನಷ್ಟವಾಗದವರು.

ಮೊದಲ ಅರ್ಧ ದಿನ ಏನನ್ನೂ ಫೈಲ್ ಮಾಡಬೇಡಿ. ಒಂದೇ ಹಾಳೆಯಲ್ಲಿ ಪಟ್ಟಿ ಬರೆಯಿರಿ: ಪಾರ್ಟಿಯ ಹೆಸರು, ಯಾವ ತಿಂಗಳಿಂದ ಬಾಕಿ, ಬಿಲ್ಲುಗಳು ಪೂರ್ತಿ ಬಂದಿವೆಯೇ, ನಗದಾಗಿ ಕಟ್ಟಬೇಕಾದ ತೆರಿಗೆ ಅಂದಾಜು ಎಷ್ಟು, ಒಟಿಪಿ ಯಾರ ಫೋನಿಗೆ ಹೋಗುತ್ತದೆ. ಕೊನೆಯ ಕಲಂ ಸಣ್ಣದೆನಿಸಬಹುದು, ಆದರೆ ಸಿದ್ಧವಾದ ರಿಟರ್ನ್‌ಗಳು ನಿಂತುಬಿಡುವುದು ಹೆಚ್ಚಾಗಿ ಅಲ್ಲೇ. ಮಾಲೀಕರು ಮದುವೆಮನೆಯಲ್ಲೋ ನೆಟ್‌ವರ್ಕ್ ಸಿಗದ ತೋಟದಲ್ಲೋ ಇದ್ದರೆ ಆ ದಿನ ಹೋದಂತೆಯೇ. ಒಟಿಪಿಗೆಂದೇ ಒಂದು ಹೊತ್ತು ಗೊತ್ತು ಮಾಡಿಕೊಂಡು ಪಾರ್ಟಿಗಳಿಗೆ ಮೊದಲೇ ತಿಳಿಸಿ.

ಇನ್ನು ಸರದಿ. ದಿನ ಕಳೆದಂತೆ ಯಾವುದರ ಹೊರೆ ಬೆಳೆಯುತ್ತಿದೆ ಎಂಬುದನ್ನು ನೋಡಿ ಸರದಿ ಹಾಕಬೇಕು. ಬೇರೆಯವರಿಗೆ ಹಣ ಕೊಡುವಾಗ ಮುರಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ಇನ್ನೂ ಕಟ್ಟದೆ ಉಳಿದಿದ್ದರೆ ಮೊದಲ ಚಲನ್ ಅದರದ್ದೇ. ಬಡ್ಡಿ ತಿಂಗಳಿಗೆ ಶೇ. 1.5, ತಿಂಗಳ ಭಾಗವೂ ಪೂರ್ಣ ತಿಂಗಳೆಂದೇ ಲೆಕ್ಕ. ಜೂನ್ 25ರಂದು ಮುರಿದದ್ದನ್ನು ಜುಲೈ 7ರ ಬದಲು 8ಕ್ಕೆ ಕಟ್ಟಿದರೂ ಜೂನ್, ಜುಲೈ ಎರಡೂ ಸೇರಿ ಶೇ. 3 ಬೀಳುತ್ತದೆ. ಆಗಸ್ಟ್ 1 ಬಂತೆಂದರೆ ಶೇ. 4.5. ಹಾಗಾಗಿ ಟಿಡಿಎಸ್ ತಿಂಗಳ ಕೊನೆಯನ್ನು ದಾಟಬಾರದು.

ಜಿಎಸ್‌ಟಿಯ ಲೆಕ್ಕ ಬೇರೆ. ತೆರಿಗೆ ಕಟ್ಟುವ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ (3ಬಿ) ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆಯಿಲ್ಲದ ರಿಟರ್ನ್‌ಗೆ 20. ವಾರ್ಷಿಕ ವಹಿವಾಟು 1.5 ಕೋಟಿಯೊಳಗಿದ್ದರೆ ತೆರಿಗೆಯಿರುವ ಪ್ರತಿ ರಿಟರ್ನ್‌ಗೆ ಮಿತಿ 2,000 ರೂಪಾಯಿ, ಅಂದರೆ 40 ದಿನಕ್ಕೆ ಲೇಟ್ ಫೀ ನಿಲ್ಲುತ್ತದೆ. ಬಡ್ಡಿ ನಿಲ್ಲುವುದಿಲ್ಲ. ನಗದಾಗಿ ಕಟ್ಟಬೇಕಾದ 1 ಲಕ್ಷಕ್ಕೆ ವರ್ಷಕ್ಕೆ ಶೇ. 18ರಂತೆ 60 ದಿನಕ್ಕೆ ಸುಮಾರು 2,959 ರೂಪಾಯಿ. ಆದ್ದರಿಂದ ನಗದು ತೆರಿಗೆ ದೊಡ್ಡದಿರುವವರನ್ನು ಮುಂದಕ್ಕೆ ತನ್ನಿ. ಎರಡು ತಿಂಗಳ 3ಬಿ ಬಾಕಿಯಾಗಿ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ಪತ್ರ) ನಿಂತವರು ಅವರಿಗಿಂತಲೂ ಮುಂದೆ, ಏಕೆಂದರೆ ಗೋದಾಮಿನಿಂದ ಅವರ ಸರಕು ಹೊರಡುತ್ತಿಲ್ಲ. ನವೆಂಬರ್ 30 ಹತ್ತಿರವಿದ್ದರೆ ಹಿಂದಿನ ಹಣಕಾಸು ವರ್ಷದ ಐಟಿಸಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್) ಪಡೆಯುವುದು ಬಾಕಿ ಇರುವವರನ್ನು ಎಲ್ಲರಿಗಿಂತ ಮೊದಲು ಮುಗಿಸಿ. ಆ ಗಡುವು ದಾಟಿದರೆ ಕ್ರೆಡಿಟ್ ಹೋಯಿತು.

ಪಾರ್ಟಿಗಳ ನಡುವಿನ ಸರದಿ ನಿಮ್ಮದು, ಒಬ್ಬರ ತಿಂಗಳುಗಳ ಸರದಿ ಪೋರ್ಟಲ್‌ನದು. ಹಿಂದಿನ ತಿಂಗಳ 3ಬಿ ಆಗದೆ ಮುಂದಿನ ತಿಂಗಳ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ತೆರೆಯುವುದಿಲ್ಲ. ತಡವಾದ ತಿಂಗಳ ಲೇಟ್ ಫೀ ಮುಂದಿನ ತಿಂಗಳ 3ಬಿಯಲ್ಲಿ ಬಂದು ಕೂರುತ್ತದೆ. ಚಲನ್ ಮಾಡುವಾಗ ಅದನ್ನೂ ಸೇರಿಸದಿದ್ದರೆ ಕೊನೇ ಗಳಿಗೆಯಲ್ಲಿ ಕೆಲವು ನೂರು ರೂಪಾಯಿ ಕಡಿಮೆ ಬಿದ್ದು ಕೆಲಸ ನಿಲ್ಲುತ್ತದೆ.

ಇಲ್ಲೊಂದು ಆಮಿಷವಿದೆ: ಬಾಗಿಲು ತೆರೆಯಲಿ ಎಂದು ಹಳೆಯ ತಿಂಗಳನ್ನು ನಿಲ್ (ವ್ಯವಹಾರವೇ ಇಲ್ಲ) ಎಂದು ತಳ್ಳಿಬಿಡುವುದು. ದಯವಿಟ್ಟು ಬೇಡ. 3ಬಿ ಒಮ್ಮೆ ಫೈಲ್ ಆದರೆ ತಿದ್ದುವಂತಿಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. ಜಿಎಸ್‌ಟಿಆರ್-1ರಲ್ಲಿ ತೋರಿಸಿದ ತೆರಿಗೆಗೂ 3ಬಿಗೂ ಅಂತರ ಹೆಚ್ಚಿದ್ದರೆ ಆ ಅಂತರಕ್ಕೆ ಕಾರಣ ಕೇಳುವ ಡಿಆರ್‌ಸಿ-01ಬಿ ಸೂಚನೆ ಬರುತ್ತದೆ, ಉತ್ತರಿಸಲು 7 ದಿನ ಮಾತ್ರ.

ಎಷ್ಟು ದಿನ ಬೇಕು ಎಂಬುದನ್ನು ಊಹಿಸುವ ಬದಲು ಅಳೆಯಿರಿ. ಮೊದಲ ಪಾರ್ಟಿಯ ಒಂದು ತಿಂಗಳ ಕೆಲಸವನ್ನು ಎಂಟ್ರಿಯಿಂದ ಫೈಲಿಂಗ್‌ವರೆಗೆ ಗಡಿಯಾರ ನೋಡಿ ಮಾಡಿ. ಒಂದೂವರೆ ಗಂಟೆ ಹಿಡಿಯಿತು ಎನ್ನೋಣ. 14 ಪಾರ್ಟಿ, ತಲಾ 3 ತಿಂಗಳು ಎಂದರೆ 63 ಗಂಟೆ. ಬೆಳಿಗ್ಗೆ 10ರಿಂದ 1ರವರೆಗೆ ಬಾಕಿ ಕೆಲಸ ಮಾತ್ರ ಮಾಡಿದರೆ 21 ಕೆಲಸದ ದಿನ. ದಿನಕ್ಕೆ ಈ ಮೂರು ಗಂಟೆಗಿಂತ ಹೆಚ್ಚು ಎಳೆದರೆ ಎಂಟ್ರಿ ತಪ್ಪುತ್ತದೆ. ಅದರಲ್ಲೂ ಹೊರರಾಜ್ಯದ ಬಿಲ್ಲನ್ನು ರಾಜ್ಯದೊಳಗಿನ ಮಾರಾಟದ ತೆರಿಗೆಯಾದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಗೆ ಹಾಕಿದರೆ ಸರಿಯಾದ ಐಜಿಎಸ್‌ಟಿ ಖಾತೆಯಲ್ಲಿ ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ ಹಾಕಬೇಕಾಗುತ್ತದೆ.

ಆ 21 ದಿನದ ಲೆಕ್ಕ ಕೈಯಲ್ಲಿದ್ದರೆ ಫೋನ್ ಎತ್ತಲು ಧೈರ್ಯ ಬರುತ್ತದೆ. "ಸಾರ್, ನಿಮ್ಮ ಎರಡು ತಿಂಗಳ ರಿಟರ್ನ್ ಬಾಕಿ ಇದೆ, ತಡ ನಮ್ಮ ಕಡೆಯಿಂದ ಆಗಿದ್ದು. ಮುಂದಿನ ಗುರುವಾರ ಫೈಲ್ ಆಗುತ್ತೆ, ಇಷ್ಟು ಹಣ ಸಿದ್ಧವಿಡಿ" ಎಂದರೆ ಸಾಕು. ಬಿಲ್ಲು ಸರಿಯಾದ ಸಮಯಕ್ಕೆ ಬಂದಿದ್ದೂ ತಡವಾಗಿದ್ದರೆ ಲೇಟ್ ಫೀ ಕಚೇರಿಯೇ ಭರಿಸುವುದು ನ್ಯಾಯ. ಬಡ್ಡಿಯ ಮಾತು ಬೇರೆ, ಆ ಹಣ ಅಷ್ಟು ದಿನ ಪಾರ್ಟಿಯ ಕೈಯಲ್ಲೇ ಇತ್ತು. ಅದನ್ನು ಕೂತು ಮಾತಾಡಿ ತೀರ್ಮಾನಿಸಿ.

ಮಧ್ಯಾಹ್ನದ ಹೊತ್ತು ನಡೆಯುವ ತಿಂಗಳಿಗೇ ಮೀಸಲಿರಲಿ. ಹಳೆಯದರ ಭರದಲ್ಲಿ ಜಿಎಸ್‌ಟಿಆರ್-1ರ 11ನೇ ತಾರೀಖು, 3ಬಿಯ 20ನೇ ತಾರೀಖು ತಪ್ಪಿದರೆ ಪಟ್ಟಿ ತಳದಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಈ ತಿಂಗಳ ರಿಟರ್ನ್ 20ರೊಳಗೆ ಆಗುವುದಿಲ್ಲ ಎಂದು ಖಚಿತವಾದರೂ ತೆರಿಗೆಯನ್ನು ಅಂದಾಜು ಮಾಡಿ ಅಷ್ಟರೊಳಗೆ ಪೋರ್ಟಲ್‌ನಲ್ಲಿರುವ ಪಾರ್ಟಿಯ ನಗದು ಖಾತೆಗೆ, ಅಂದರೆ ಕ್ಯಾಶ್ ಲೆಡ್ಜರ್‌ಗೆ, ಕಟ್ಟಿಸಿಡಿ. 2024ರ ಜುಲೈನಲ್ಲಿ ಆದ ನಿಯಮ ತಿದ್ದುಪಡಿಯಂತೆ, ಗಡುವಿನೊಳಗೆ ಲೆಡ್ಜರ್‌ಗೆ ಬಂದು ಫೈಲ್ ಆಗುವವರೆಗೂ ಅಲ್ಲೇ ಉಳಿದ ಮೊತ್ತಕ್ಕೆ ಬಡ್ಡಿ ಇಲ್ಲ.