ಕೇಕಿಗೆ ಒಂಬತ್ತಾಣೆ ರವೆ

ಆಷಾಢದ ಮಳೆಗೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಎರಡು ದಿನವಾಗಿತ್ತು. ಗ್ಯಾಸ್ಕೆಟ್ಟನ್ನೂ ವಿಷಲನ್ನೂ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಅಣ್ಣನ ಮಗಳೂ ನಾನೂ ಜೋನಿ ಬೆಲ್ಲದ ರವೆ ಕೇಕಿಗೆ ಕೈಹಾಕಿದೆವು. ಬರೆದಿಟ್ಟುಕೊಂಡ ಅಳತೆ ಎಂಟು ಇಂಚಿನ ದುಂಡು ಡಬ್ಬಿಗೆ: ಎರಡು ಲೋಟ ರವೆ. ನಮ್ಮ ಕುಕ್ಕರಿನೊಳಗೆ ಇಳಿಯುವುದು ಅಷ್ಟೇ ಎತ್ತರದ, ಆರು ಇಂಚಿನ ಡಬ್ಬಿ.

“ಆರು ಅಂದರೆ ಎಂಟರ ಮುಕ್ಕಾಲು. ಹಾಗಾದರೆ ಒಂದೂವರೆ ಲೋಟ ಸಾಕಲ್ಲವೇ, ಚಿಕ್ಕಪ್ಪ?”

ನಾನು ಬೇಕೆಂದೇ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಹಿಟ್ಟು ಡಬ್ಬಿಯ ಕಂಠ ದಾಟಿ ಉಪ್ಪಿನ ಮೇಲೆ ಸುರಿದು ಸೀದಿತು.

ಅಗಲ ಬೆಳೆದಷ್ಟೇ ಹರವೂ ಬೆಳೆಯುತ್ತದೆಂಬ ಭ್ರಮೆ ದೊಡ್ಡವರಲ್ಲೂ ಇದೆ, ಅದೂ ದಿನಾ ದೋಸೆ ಹೊಯ್ಯುವವರಲ್ಲಿ! ಅದೇ ದಪ್ಪದ ದೋಸೆಯನ್ನು ಇಮ್ಮಡಿ ಅಗಲಕ್ಕೆ ಎಳೆಯಲು ಎರಡು ಸೌಟು ಸಾಲದು, ನಾಲ್ಕು ಬೇಕು. ಅಂಚಿನಲ್ಲಿ ಸೇರುವ ಪ್ರತಿ ಹೊಸ ಸುತ್ತೂ ಒಳಗಿನ ಸುತ್ತಿಗಿಂತ ಉದ್ದ, ಬಳೆಯ ಹೊರಗೆ ಬಳೆ ತೊಡಿಸಿದಂತೆ. ಅಡಿಕೆ ಬೆಳೆಗಾರನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂಬತ್ತು ಅಡಿಗೊಂದು ಸಸಿ ನೆಟ್ಟರೆ ಎಕರೆಗೆ ಸುಮಾರು 540. ಅಂತರವನ್ನು ಆರು ಅಡಿಗೆ ಇಳಿಸಿದರೆ 1210. ಅಂತರ ಮೂರರಲ್ಲೊಂದು ಪಾಲು ಕಡಿಮೆಯಾದದ್ದಕ್ಕೆ ಗಿಡಗಳು ಎರಡು ಪಟ್ಟು ಮೀರಿದವು, ಏಕೆಂದರೆ ಅಂತರ ಉದ್ದಕ್ಕೂ ಕುಗ್ಗಿತು, ಅಡ್ಡಕ್ಕೂ ಕುಗ್ಗಿತು. ಡಬ್ಬಿಯದೂ ಇದೇ ಕಥೆ. 22/7 ಎಂದು ಮಗುವನ್ನು ಹೆದರಿಸುವುದು ಬೇಡ. ಎರಡು ವೃತ್ತಗಳನ್ನು ಹೋಲಿಸುವಾಗ ಪೈ ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ. ಆರಾರಲಿ 36, ಎಂಟೆಂಟಲಿ 64. ಸಂಕ್ಷೇಪಿಸಿದರೆ ಹದಿನಾರರಲ್ಲಿ ಒಂಬತ್ತು.

“ಇದೆಂಥ ವಿಚಿತ್ರ ಭಿನ್ನರಾಶಿ!” ಎಂದು ಹುಡುಗಿ ಮೂಗು ಮುರಿದಳು. ಒಲೆಯ ಬಳಿ ಕುಳಿತಿದ್ದ ಅಮ್ಮನಿಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ರೂಪಾಯಿಗೆ ಒಂಬತ್ತಾಣೆ. ಸೇರಿಗೆ ಒಂಬತ್ತು ಚಟಾಕು,” ಎಂದರು.

ಅಮ್ಮನಿಗೆ ಎಂಬತ್ತೆರಡು. ಅವರ ಬಾಲ್ಯದಲ್ಲಿ ರೂಪಾಯಿಗೆ 16 ಆಣೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು, ಮರುವರ್ಷ ಕಿಲೋಗ್ರಾಂ. ದಶಮಾನ ಪದ್ಧತಿಯನ್ನು ನಾನು ಹಳಿಯುವವನಲ್ಲ. ಆದರೆ ಹದಿನಾರು ಹಳೆಯ ಕಾಲದವರ ಹುಚ್ಚಾಟವೆಂದು ನಗುವವರನ್ನು ಕಂಡರೆ ರೇಗುತ್ತದೆ. ಅಕ್ಕಿರಾಶಿಯನ್ನು ಕಣ್ಣಳತೆಯಲ್ಲಿ ಹತ್ತು ಸಮಪಾಲು ಮಾಡಿ ನೋಡಿ, ಪಾಡು ತಿಳಿಯುತ್ತದೆ. ಅರ್ಧ ಮಾಡುವುದಾದರೆ ಯಾರ ಕೈಗೂ ಬರುತ್ತದೆ. ಅರ್ಧದ ಅರ್ಧ ಕಾಲು, ಅದರ ಅರ್ಧ ಅರೆಕಾಲು, ಇನ್ನೊಂದು ಅರ್ಧಕ್ಕೆ ವೀಸ. ನಾಲ್ಕೇ ಸಲಕ್ಕೆ ಹದಿನಾರು ಪಾಲು! ಹದಿನಾರರಲ್ಲಿ ಒಂದಕ್ಕೆ ‘ವೀಸ’ ಎಂಬ ಸ್ವಂತ ಹೆಸರೇ ಕನ್ನಡದಲ್ಲಿರುವಾಗ ಹುಡುಗಿಯ ಭಿನ್ನರಾಶಿ ಅರೆಯ ಮೇಲೊಂದು ವೀಸ, ಅಷ್ಟೇ.

ಎರಡು ಲೋಟದ ಒಂಬತ್ತಾಣೆ ಪಾಲೆಂದರೆ ಒಂದು ಲೋಟ, ಮೇಲೆ ಅರೆಕಾಲು. ಎರಡನೆಯ ಕೇಕ್ ಡಬ್ಬಿಯೊಳಗೇ ಉಬ್ಬಿ ನಿಂತಿತು. ಬಿಸಿ ಆರುವ ಮೊದಲೇ ಹುಡುಗಿ ಕೇಳಿದಳು: “ಇಂಥವು ಎರಡು ಮಾಡಿದರೆ ಎಂಟು ಇಂಚಿನ ಒಂದು ಕೇಕಿಗೆ ಸಮವಾಗುತ್ತದೆಯೇ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿದರು: “ಎರಡಾಣೆ ಹೆಚ್ಚೇ ಆಗುತ್ತದೆ ಮಗಾ, ಪಕ್ಕದ ಮನೆಗೂ ಕೊಡಬಹುದು.”