ಒಂದು ಫೋಟೊಡಯೋಡಿಗಾಗಿ ಇಡೀ ವೃತ್ತಿಜೀವನವೇ?

ಪ್ರಶ್ನೆ: ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಡಿಟೆಕ್ಟರ್ ಹಳೆಯ ಸಾಧನ. ಪ್ರಾಧ್ಯಾಪಕರೊಬ್ಬರು ಅದರ ಮೇಲೆಯೇ ದಶಕಗಟ್ಟಲೆ ಸಂಶೋಧನೆ ಮಾಡುವಷ್ಟು ಕೆಲಸ ಅದರಲ್ಲಿ ಏನಿದೆ?

ಉತ್ತರ: ಅಮೆರಿಕದ ಸಂಶೋಧಕ ಜೋ ಕ್ಯಾಂಪ್‌ಬೆಲ್ ಅವರ ಕೆಲಸವನ್ನು ನೋಡಿದರೆ ಇದು ತಿಳಿಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಪಿಎಚ್.ಡಿ. ಮುಗಿಸಿದ ಅವರು 1976ರಲ್ಲಿ ದೂರವಾಣಿ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್ ಸೇರಿದರು. 1989ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, 2006ರಿಂದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮೂರೂ ಕಡೆ ಅವರ ಗಮನ ಹೆಚ್ಚಾಗಿ ನೆಟ್ಟಿದ್ದುದು ಅವಲಾಂಚ್ ಫೋಟೊಡಯೋಡಿನ ಮೇಲೆ. ಇದರಲ್ಲಿ ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್ ಅಥವಾ ಹೋಲ್ (ಎಲೆಕ್ಟ್ರಾನ್ ತೆರವಾದ, ಧನ ವಿದ್ಯುದಂಶದಂತೆ ವರ್ತಿಸುವ ಜಾಗ) ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ವೇಗ ಪಡೆದು, ಡಿಕ್ಕಿ ಹೊಡೆದು ಹೊಸ ಎಲೆಕ್ಟ್ರಾನ್–ಹೋಲ್ ಜೋಡಿಗಳನ್ನು ಹುಟ್ಟಿಸುವುದರಿಂದ, ಕ್ಷೀಣವಾದ ಸಂಕೇತ ಸಾಧನದೊಳಗೇ ಹಿಗ್ಗುತ್ತದೆ.

ತೊಡಕು ಇರುವುದು ವಸ್ತುವಿನಲ್ಲಿ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಅತಿ ಕಡಿಮೆ ನಷ್ಟವಾಗುವುದು ಸುಮಾರು 1550 ನ್ಯಾನೊಮೀಟರ್ ತರಂಗಾಂತರದಲ್ಲಿ. ಆದರೆ ಸಿಲಿಕಾನ್ ಸುಮಾರು 1100 ನ್ಯಾನೊಮೀಟರ್ ದಾಟಿದ ಬೆಳಕನ್ನು ಹೀರುವುದೇ ಇಲ್ಲ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕ ಹೀರುತ್ತದಾದರೂ, ಕ್ಷೇತ್ರವನ್ನು ಏರಿಸಿದರೆ ಅದರೊಳಗೆ ಕತ್ತಲಲ್ಲೂ ವಿದ್ಯುತ್ ಸೋರತೊಡಗುತ್ತದೆ. ಆದ್ದರಿಂದ ಬೆಳಕನ್ನು ಹೀರಲು ಆ ಪದರ, ಹಿಗ್ಗಿಸಲು ಇಂಡಿಯಂ ಫಾಸ್ಫೈಡಿನ ಬೇರೆ ಪದರ ಎಂದು ಸಂಶೋಧಕರು ಕೆಲಸ ಹಂಚಿದರು. ಆಗ ಇನ್ನೊಂದು ಸಮಸ್ಯೆ ಎದ್ದಿತು: ಎರಡು ಪದರಗಳು ಕೂಡುವಲ್ಲಿ ಹೋಲ್‌ಗಳು ಸಿಲುಕಿ, ಸಾಧನ ನಿಧಾನವಾಯಿತು. 1980ರ ದಶಕದ ಆರಂಭದಲ್ಲಿ ಕ್ಯಾಂಪ್‌ಬೆಲ್ ಮತ್ತು ಸಹೋದ್ಯೋಗಿಗಳು ಆ ಎರಡರ ನಡುವೆ ಮಧ್ಯಂತರ ಗುಣದ ತೆಳು ಪದರವೊಂದನ್ನು ಬೆಳೆಸಿ ಹೋಲ್‌ಗಳಿಗೆ ದಾರಿ ಮಾಡಿಕೊಟ್ಟರು. ಇಷ್ಟು ಸಣ್ಣ ತಿದ್ದುಪಡಿಯಿಂದ ಬಂದ ವೇಗ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಗದ್ದಲದ, ಅಂದರೆ ಸಂಕೇತದಲ್ಲಿ ಬೆರೆಯುವ ಬೇಡದ ಏರುಪೇರಿನ (ನಾಯ್ಸ್) ಪ್ರಶ್ನೆ ಇನ್ನೂ ಆಳದ್ದು. ಡಿಕ್ಕಿಗಳು ಯಾದೃಚ್ಛಿಕವಾದುದರಿಂದ ಹಿಗ್ಗುವ ಪ್ರಮಾಣ ಪ್ರತಿ ಸಲವೂ ಬದಲಾಗುತ್ತದೆ. ಎಲೆಕ್ಟ್ರಾನ್ ಮತ್ತು ಹೋಲ್ ಎರಡೂ ಸರಿಸಮವಾಗಿ ಹೊಸ ಜೋಡಿ ಹುಟ್ಟಿಸಿದಷ್ಟೂ ಏರುಪೇರು ಹೆಚ್ಚು ಎಂಬುದನ್ನು ಸಂಶೋಧಕ ಮ್ಯಾಕಿನ್‌ಟೈರ್ 1966ರಲ್ಲೇ ಗಣಿತದಿಂದ ತೋರಿಸಿದ್ದರು. ಹಿಗ್ಗಿಸುವ ಪದರವನ್ನು ತೀರಾ ತೆಳುವಾಗಿಸಿದರೆ ಗದ್ದಲ ತಗ್ಗುತ್ತದೆ ಎಂಬುದನ್ನು ಆಸ್ಟಿನ್‌ನಲ್ಲಿ ಕ್ಯಾಂಪ್‌ಬೆಲ್ ಅವರ ತಂಡ ವಿವರವಾಗಿ ಅಧ್ಯಯನ ಮಾಡಿತು. ಮುಂದೆ ಇಂಟೆಲ್ ಜೊತೆಗೂಡಿ 2009ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಜರ್ಮೇನಿಯಂ ಹೀರುವ, ಸಿಲಿಕಾನ್ ಹಿಗ್ಗಿಸುವ ಸಾಧನವು 340 ಗಿಗಾಹರ್ಟ್ಜ್ ಗಳಿಕೆ–ಬ್ಯಾಂಡ್‌ವಿಡ್ತ್ ಗುಣಲಬ್ಧವನ್ನು (ಎಷ್ಟು ಪಟ್ಟು ಹಿಗ್ಗಿಸುತ್ತದೆ, ಎಷ್ಟು ವೇಗವಾಗಿ ಎಂಬೆರಡನ್ನೂ ಗುಣಿಸಿದ ಅಳತೆ) ಮುಟ್ಟಿತು. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಸಿಲಿಕಾನಿನಷ್ಟು ಕಡಿಮೆ ಗದ್ದಲದಲ್ಲಿ ಇನ್ನೂ ದೀರ್ಘ ತರಂಗಾಂತರಗಳನ್ನು ಗ್ರಹಿಸಬಲ್ಲ ಆಂಟಿಮನಿ ಬೆರೆತ ಅರೆವಾಹಕಗಳತ್ತ ವರ್ಜೀನಿಯಾ ತಂಡ ಆಸ್ಟಿನ್‌ನ ಸಂಶೋಧಕರೊಂದಿಗೆ ಹೊರಳಿತು.