ಸಂಜೆ ಆರರ ಮೇಲೆ ಯಾವ ಭಾಷೆ?

ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಎಷ್ಟು ಅಂತ ಕೇಳಿ ನೋಡಿ. ಐಎಎಸ್ ಪರೀಕ್ಷೆಗೆ ಓದುವ ಹುಡುಗರು ಥಟ್ಟನೆ ಆರು ಅನ್ನುತ್ತಾರೆ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಚೈನೀಸ್, 1973ರಲ್ಲಿ ಸೇರಿದ ಅರಬ್ಬಿ. ಉತ್ತರ ಸರಿಯೇ. ಆದರೆ ಸಭೆಗಳ ಭಾಷಾ ವ್ಯವಸ್ಥೆ ನೋಡಿಕೊಳ್ಳುವ ನಮ್ಮಂಥವರು ಮೊದಲು ಕೇಳೋದು ಬೇರೆ: ಈ ಆರು ಭಾಷೆ ಯಾವ ಕೋಣೆಯಲ್ಲಿ, ಎಷ್ಟು ಗಂಟೆವರೆಗೆ?

ದೊಡ್ಡ ಸಭಾಂಗಣದ ಗೋಡೆಗುಂಟ ದುಭಾಷಿಗಳು ಕೂರುವ ಗಾಜಿನ ಬೂತುಗಳಿರುತ್ತವೆ. ನಾಲ್ಕು ಬೂತಿನಲ್ಲಿ ಇಬ್ಬಿಬ್ಬರು. ಅರಬ್ಬಿ, ಚೈನೀಸ್ ಬೂತಿನಲ್ಲಿ ಮಾತ್ರ ಮೂವರು. ತಮ್ಮ ಭಾಷೆಗೆ ತರೋದರ ಜೊತೆಗೆ ತಮ್ಮ ಭಾಷೆಯಿಂದ ಇಂಗ್ಲಿಷಿಗೋ ಫ್ರೆಂಚಿಗೋ ಒಯ್ಯುವ ಹೊಣೆಯೂ ಅವರದೇ. ಅಲ್ಲಿಗೆ ಆರೂ ಭಾಷೆಯ ಒಂದು ಸಭೆಗೆ 14 ಜನ. ಕೇಳುತ್ತಲೇ ಮಾತಾಡುವ ಕೆಲಸ ಇದು. ಅರ್ಧ ಗಂಟೆಯಾಗುವಷ್ಟರಲ್ಲಿ ತಲೆ ದಣಿಯುತ್ತದೆ, ಮೈಕು ಪಕ್ಕದವರ ಪಾಲಾಗುತ್ತದೆ. ಮೈಕು ಇಲ್ಲದವರೂ ಸುಮ್ನೆ ಕೂರೋದಿಲ್ಲ. ಅಂಕಿಸಂಖ್ಯೆ, ಊರ ಹೆಸರು ಕಿವಿಗೆ ಬಿದ್ದ ಕೂಡಲೇ ಚೀಟಿಯಲ್ಲಿ ಬರೆದು ಜೊತೆಯವರ ಕಣ್ಣೆದುರು ಸರಿಸುತ್ತಾರೆ.

ಇಷ್ಟೆಲ್ಲ ಇದ್ದರೂ ಭಾಷಣಕಾರರ ಅವಸರಕ್ಕೆ ಮದ್ದಿಲ್ಲ. ಮೂರು ನಿಮಿಷ ಕೊಟ್ಟರೆ ಆರು ನಿಮಿಷದ ಭಾಷಣ ತಂದು ಒಂದೇ ಉಸಿರಿಗೆ ಓದುತ್ತಾರೆ. ಅದರ ಪ್ರತಿ ಬೂತಿಗೆ ಬಂದಿರೋದಿಲ್ಲ. ಆಮೇಲೆ ಅನುವಾದ ಚೆನ್ನಾಗಿರಲಿಲ್ಲ ಅಂತ ದೂರು!

ನಿಜವಾದ ಕಗ್ಗಂಟು ಇರೋದು ಸಭಾಂಗಣದ ಆಚೆ. ಸಭೆ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6. ಆರಾದ ಮೇಲೆ ದುಭಾಷಿಗಳ ಪಾಳಿ ಮುಗಿಯುತ್ತದೆ. ಚರ್ಚೆ ಮುಗಿದಿರೋದಿಲ್ಲ. ಆಗ ಅಧ್ಯಕ್ಷರು, ಇಂಗ್ಲಿಷಿನಲ್ಲೇ ಮುಂದುವರಿಸೋಣವೇ ಅಂತ ಕೇಳುತ್ತಾರೆ. ಬೇಡ ಅಂದರೆ ಕೆಲಸ ಕೆಡಿಸಿದವರೆಂಬ ಹೆಸರು ಬರುತ್ತದೆ. ಹಾಗಾಗಿ ಹೆಚ್ಚಿನವರು ಬಾಯಿ ಬಿಡೋದಿಲ್ಲ. ಇನ್ನು ನಿರ್ಣಯದ ಕರಡನ್ನು ಪರದೆ ಮೇಲೆ ಹಾಕಿಕೊಂಡು ಸಾಲು ಸಾಲಾಗಿ ಚೌಕಾಸಿ ನಡೆಸುವ ಅನೌಪಚಾರಿಕ ಮಾತುಕತೆಗೆ ಸಾಮಾನ್ಯವಾಗಿ ದುಭಾಷಿಗಳೇ ಇರೋದಿಲ್ಲ. ಅಲ್ಲಿ ಇಂಗ್ಲಿಷಿನಲ್ಲಿ ತಟ್ಟನೆ ಒಂದು ವಾಕ್ಯ ಕಟ್ಟಿ ಕೊಡುವವರದೇ ಮೇಲುಗೈ. ಸೆನೆಗಲ್‌ನ ಪ್ರತಿನಿಧಿ ಫ್ರೆಂಚಿನಲ್ಲಿ ಎಷ್ಟೇ ಚೆನ್ನಾಗಿ ವಾದಿಸಬಲ್ಲವರಾಗಿರಲಿ, ಆ ಕೋಣೆಯಲ್ಲಿ ಅದು ಲೆಕ್ಕಕ್ಕಿಲ್ಲ. ಆಮೇಲೆ ಅದೇ ಪಠ್ಯ ಆರು ಭಾಷೆಗಳಲ್ಲಿ ಅಚ್ಚುಕಟ್ಟಾಗಿ ಹೊರಬರುತ್ತದೆ. ತೀರ್ಮಾನ ಮಾತ್ರ ಒಂದೇ ಭಾಷೆಯಲ್ಲಿ ಆಗಿರುತ್ತದೆ.

ಹಿಂದಿಯನ್ನು ಏಳನೆಯ ಅಧಿಕೃತ ಭಾಷೆ ಮಾಡಬೇಕು ಅನ್ನುವ ಮಾತೂ ಬರುತ್ತದಲ್ವಾ. 2018ರಿಂದ ಭಾರತ ಸರ್ಕಾರ ದುಡ್ಡು ಕೊಟ್ಟು ವಿಶ್ವಸಂಸ್ಥೆಯ ಸುದ್ದಿಯನ್ನು ಹಿಂದಿಯಲ್ಲಿ ಕೊಡಿಸುತ್ತಿದೆ. ಬಹುಭಾಷೆ ಕುರಿತ 2022ರ ಮಹಾಸಭೆಯ ನಿರ್ಣಯದಲ್ಲಿ ಹಿಂದಿ, ಬಾಂಗ್ಲಾ, ಉರ್ದು ಹೆಸರು ಬಂದಿವೆ. ಒಳ್ಳೆಯದೇ. ಆದರೆ ಅದು ಜನರಿಗೆ ಸುದ್ದಿ ಮುಟ್ಟಿಸುವ ಲೆಕ್ಕ, ಮಾತುಕತೆಯ ಮೇಜಿಗೂ ಅದಕ್ಕೂ ಸಂಬಂಧ ಕಡಿಮೆ. ಮಹಾಸಭೆಯ ನಿಯಮದ ಪ್ರಕಾರ ಯಾವ ಭಾಷೆಯಲ್ಲಿ ಬೇಕಾದರೂ ಭಾಷಣ ಮಾಡಬಹುದು, ಕನ್ನಡದಲ್ಲೂ. ಆರರಲ್ಲಿ ಒಂದಕ್ಕೆ ಅನುವಾದಿಸುವ ಏರ್ಪಾಡು ನಿಮ್ಮದೇ ಆಗಿರಬೇಕು, ಅಷ್ಟೇ. 1977ರಲ್ಲಿ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತಾಡಿದ್ದರು.

ನನ್ನ ಕೇಳಿದರೆ ಏಳನೆಯ ಭಾಷೆಗೆ ಮೊದಲು ಇರುವ ಆರನ್ನು ಆ ಚಿಕ್ಕ ಕೋಣೆಗೆ ಕರೆದೊಯ್ಯಬೇಕು. ಎಲ್ಲ ಮಾತುಕತೆಗೂ 14 ಜನ ಬೇಕಾಗಿಲ್ಲ. ಕರಡು ಮೊದಲ ಸಲ ಓದುವ ದಿನ, ಕೊನೆಯ ಚೌಕಾಸಿಯ ದಿನ ಇದ್ದರೂ ಎಷ್ಟೋ ಆಯಿತು. ಆ ಎರಡು ಬೈಠಕ್ಕನ್ನು ಹಗಲಿನಲ್ಲೇ ಇಟ್ಟುಕೊಳ್ಳಲಿ. ಹಣ ಇಲ್ಲ ಅನ್ನುತ್ತಾರೆ, ಸುಳ್ಳೇನಲ್ಲ. ಹಾಗಿದ್ದರೆ ಖರ್ಚಿಲ್ಲದ ಕೆಲಸವಾದರೂ ಆಗಲಿ: ಭಾಷಣದ ಪ್ರತಿ ಹಿಂದಿನ ದಿನವೇ ಬೂತಿಗೆ ಕಳಿಸಿ, ನಿಮಿಷಕ್ಕೆ 120 ಪದ ದಾಟದಂತೆ ಓದಿ. ಕರಡು ಬರೆಯುವವರು ಒಂದು ವಾಕ್ಯಕ್ಕೆ ಐದು ಅಲ್ಪವಿರಾಮ ತುರುಕೋದನ್ನು ಬಿಡಲಿ.